ಎಂಜಿಬಿಗೆ ಹೊಸ ಎಕ್ಸಾಸ್ಟ್ ಹಾಕಿದ ಮೇಲೆ ಬರುವ ತಕರಾರುಗಳು

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಟ್ಯೂಬಿನ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಪೈಪಿಗೆ ಕಳಿಸುವ ಕವಲು ಕೊಳವೆ), ಸ್ಟೇನ್‌ಲೆಸ್ ಸ್ಟೀಲಿನ ಪೈಪು ಹಾಕಿಸಿಕೊಂಡವರು ಮೊದಲ ವಾರ ಅದರ ಸದ್ದನ್ನು ಹೊಗಳುತ್ತಾರೆ, ಎರಡನೆಯ ವಾರ ಕಾರ್ಬ್ಯುರೇಟರನ್ನು ಶಪಿಸುತ್ತಾರೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂದುಗಡೆ ಪಟಪಟ ಸಿಡಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ಟಿನ ಒಳಗೆ ಟಿಕ್ ಟಿಕ್ ಎನ್ನುತ್ತದೆ. ಐಡ್ಲಿಂಗ್ ಏರಿಳಿಯುತ್ತದೆ, ಪಿಕಪ್ ಮೊದಲಿಗಿಂತ ಮಂದವಾಯಿತೇನೋ ಅನ್ನಿಸುತ್ತದೆ. ಇಷ್ಟಾದರೆ ಸಾಕು, ಕೈ ನೇರವಾಗಿ ಹೋಗುವುದು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ಹೊಂದಿಸುವ ಜೆಟ್ ನಟ್ಟಿಗೆ. ದಯವಿಟ್ಟು ಅಲ್ಲಿಗೆ ಕೈ ಹಾಕಬೇಡಿ. ಬಿಚ್ಚಿ ಜೋಡಿಸಿದ್ದು ಎಕ್ಸಾಸ್ಟನ್ನು; ತಪ್ಪು ಸಹ ಬಹುಪಾಲು ಆ ಜೋಡಣೆಯಲ್ಲೇ ಇರುತ್ತದೆ. ಸೋರಿಕೆಗಳನ್ನು ಮುಚ್ಚುವ ತನಕ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಮುಟ್ಟಬಾರದು ಎಂಬುದೊಂದೇ ನನ್ನ ಹಟ. ಮುಂದೆ ಬರೆದಿರುವುದೆಲ್ಲ ಆ ಹಟಕ್ಕೆ ಕಾರಣ.

ಇಲ್ಲಿ ಹೇಳುತ್ತಿರುವುದು 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ, 1798 ಸಿಸಿಯ ಬಿ-ಸೀರೀಸ್ ಎಂಜಿನ್ನಿನ, ಎರಡು ಎಸ್‌ಯು ಕಾರ್ಬ್ಯುರೇಟರುಗಳಿರುವ ಕಾರುಗಳ ಬಗ್ಗೆ. ಅಮೆರಿಕಕ್ಕೆಂದು ತಯಾರಾದ 1975ರ ನಂತರದ ಕಾರುಗಳಲ್ಲಿ ಒಂಟಿ ಜೆನಿತ್-ಸ್ಟ್ರೋಂಬರ್ಗ್ ಕಾರ್ಬ್ಯುರೇಟರೂ ಹೊಗೆ ನಿಯಂತ್ರಣದ ಕೊಳವೆಗಳೂ ಇವೆ. ಅವುಗಳ ಗೋಳು ಬೇರೆ, ಇಲ್ಲಿ ಸೇರಿಸಿಲ್ಲ.

ಈ ಎಂಜಿನ್ನಿನ ಸ್ವಭಾವ

ಬಿ-ಸೀರೀಸ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ ಎರಡೂ ಒಂದೇ ಬದಿಯಲ್ಲಿ, ಎಡಕ್ಕೆ ಇವೆ. ಸಿಲಿಂಡರ್ ನಾಲ್ಕು, ಆದರೆ ಹೊಗೆಯ ರಂಧ್ರಗಳು ಮೂರೇ. ಒಂದನೆಯ ಮತ್ತು ನಾಲ್ಕನೆಯ ಸಿಲಿಂಡರಿಗೆ ಒಂದೊಂದು, ನಡುವಿನ ಎರಡಕ್ಕೂ ಸೇರಿ ಒಂದು. ಗಾಳಿಗೆ ಎರಡೇ ರಂಧ್ರ. ಈ ಐದೂ ರಂಧ್ರಗಳಿಗೆ, ಸಂದು ಮುಚ್ಚಲು ಒಂದೇ ಗ್ಯಾಸ್ಕೆಟ್. ಅದರ ಮೇಲೆ ಇನ್‌ಲೆಟ್ ಮ್ಯಾನಿಫೋಲ್ಡ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕಪಕ್ಕ ಕೂರುತ್ತವೆ. ನಡುವಿನ ಸ್ಟಡ್‌ಗಳಲ್ಲಿ ಒಂದೊಂದು ದಪ್ಪನೆಯ ದೊಡ್ಡ ವಾಶರ್ ಇರುತ್ತದೆ. ಅದರ ಅರ್ಧ ಭಾಗ ಇನ್‌ಲೆಟ್ ಫ್ಲಾಂಜಿನ (ನಟ್ಟು ಬಿಗಿಯುವ ಚಪ್ಪಟೆ ಅಂಚಿನ) ಮೇಲೆ, ಇನ್ನರ್ಧ ಎಕ್ಸಾಸ್ಟ್ ಫ್ಲಾಂಜಿನ ಮೇಲೆ. ನಟ್ಟು ಬಿಗಿಮಾಡಿದಾಗ ಒಂದೇ ವಾಶರ್ ಎರಡನ್ನೂ ಒತ್ತಿಹಿಡಿಯಬೇಕು.

ತಕರಾರು ಶುರುವಾಗುವುದು ಇಲ್ಲಿ. ಕಾರ್ಖಾನೆಯ ಎರಕದ ಮ್ಯಾನಿಫೋಲ್ಡಿನ ಫ್ಲಾಂಜ್ ಇನ್‌ಲೆಟ್ ಫ್ಲಾಂಜಿನಷ್ಟೇ ದಪ್ಪ ಇರುತ್ತದೆ. ಅಂಗಡಿಯಿಂದ ತಂದ ಟ್ಯೂಬಿನ ಮ್ಯಾನಿಫೋಲ್ಡಿನ ಫ್ಲಾಂಜ್ ಹಾಗೇ ಇರಬೇಕೆಂದೇನೂ ಇಲ್ಲ. ಅದು ತೆಳುವಾಗಿದ್ದರೆ ವಾಶರ್ ಓರೆಯಾಗಿ ಕೂತು ಇನ್‌ಲೆಟ್ಟನ್ನು ಮಾತ್ರ ಒತ್ತುತ್ತದೆ, ಎಕ್ಸಾಸ್ಟ್ ಸೋರುತ್ತದೆ. ದಪ್ಪವಾಗಿದ್ದರೆ ಎಕ್ಸಾಸ್ಟ್ ಭದ್ರ, ಆದರೆ ಇನ್‌ಲೆಟ್ ಸಡಿಲ. ಇನ್‌ಲೆಟ್ ಸಡಿಲವಾದರೆ ಎಂಜಿನ್ ಅಲ್ಲಿಂದ ಕಳ್ಳಗಾಳಿ ಎಳೆದುಕೊಳ್ಳುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಐಡ್ಲಿಂಗ್ ಕುಣಿಯುತ್ತದೆ. ಬದಲಾಯಿಸಿದ್ದು ಎಕ್ಸಾಸ್ಟ್, ಮುನಿಸಿಕೊಂಡದ್ದು ಕಾರ್ಬ್ಯುರೇಟರ್ ಎಂಬ ಒಗಟು ಇಷ್ಟೇ.

ಬರ್ಮಿಂಗ್‌ಹ್ಯಾಮಿನ ಗೆಳೆಯರೊಬ್ಬರ 1971ರ ಕಾರಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿತ್ತು. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದಾಗ ನಡುವಿನ ವಾಶರಿನ ಒಂದು ಅಂಚಿನ ಕೆಳಗೆ ಬೆಳಕು ತೂರಿ ಬರುತ್ತಿತ್ತು. ವಾಶರ್ ಬಿಚ್ಚಿದರೆ ಒಂದು ಅರ್ಧದಲ್ಲಿ ಲೋಹ ಉಜ್ಜಿ ಹೊಳೆಯುತ್ತಿತ್ತು, ಇನ್ನರ್ಧ ಮಸಿ ಹಿಡಿದು ಕಪ್ಪಾಗಿತ್ತು. ವರ್ನಿಯರ್ ಕ್ಯಾಲಿಪರ್ ಹಿಡಿದರೆ ಎರಡು ಫ್ಲಾಂಜುಗಳ ನಡುವೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ವ್ಯತ್ಯಾಸ. ಗೆಳೆಯರು ಅಷ್ಟರಲ್ಲಿ ಕಾರ್ಬ್ಯುರೇಟರಿನ ರಿಪೇರಿ ಕಿಟ್ ತರಿಸಿಟ್ಟಿದ್ದರು. ಆ ಡಬ್ಬಿಯನ್ನು ತೆರೆಯುವ ಪ್ರಸಂಗವೇ ಬರಲಿಲ್ಲ.

ಪರಿಹಾರ ಎರಡು ಬಗೆ. ದಪ್ಪವಿರುವ ಫ್ಲಾಂಜನ್ನು ವರ್ಕ್‌ಶಾಪಿನಲ್ಲಿ ಮಶಿನ್ ಹಾಕಿಸಿ ಎರಡನ್ನೂ ಸಮ ಮಾಡಿಸುವುದು ಒಳ್ಳೆಯ ದಾರಿ. ಅದಾಗದಿದ್ದರೆ ವಾಶರಿನ ಅರ್ಧ ಭಾಗವನ್ನು ಅರದಿಂದ ಉಜ್ಜಿ, ವ್ಯತ್ಯಾಸದಷ್ಟೇ ಎತ್ತರದ ಮೆಟ್ಟಿಲು ಮಾಡಿಕೊಳ್ಳಬಹುದು. ಮೆಟ್ಟಿಲಿನ ವಾಶರ್ ಬಿಗಿಮಾಡುವಾಗ ತಿರುಗಿಕೊಳ್ಳದಂತೆ ಇಕ್ಕಳದಲ್ಲಿ ಹಿಡಿದಿರಬೇಕು. ಅದರ ಮೇಲೆ ಇನ್ನೊಂದು ತೆಳು ವಾಶರ್ ಹಾಕಿ ಸರಿಮಾಡುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಕಾದು ತಣಿದಾಗ ಜಾರುತ್ತದೆ. ಹೊಸ ಗ್ಯಾಸ್ಕೆಟ್ಟನ್ನೇ ಹಾಕಿ. ಒಮ್ಮೆ ಒತ್ತಿಸಿಕೊಂಡ ಗ್ಯಾಸ್ಕೆಟ್ ಎರಡನೆಯ ಸಲಕ್ಕೆ ಬಾರದು. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವೇ, ಸುಮಾರು 20 ನ್ಯೂಟನ್ ಮೀಟರ್ ಬಿಗಿತಕ್ಕೆ ತನ್ನಿ. ಸೋರುತ್ತಿದೆ ಎಂದು ಮತ್ತೂ ಬಿಗಿಮಾಡಿದರೆ ಹೆಡ್ಡಿನಿಂದ (ಎಂಜಿನ್ನಿನ ಮೇಲ್ಭಾಗದಿಂದ) ಸ್ಟಡ್ ಕಿತ್ತು ಬರುತ್ತದೆ, ಕೆಲಸ ನಾಲ್ಕು ಪಟ್ಟು ಬೆಳೆಯುತ್ತದೆ.

ತಣ್ಣಗಿರುವಾಗಲೇ ಸೋರಿಕೆ ಹುಡುಕುವುದು

ಬಿಸಿ ಎಕ್ಸಾಸ್ಟಿನ ಸುತ್ತ ಕೈ ಆಡಿಸಿ ಸೋರಿಕೆ ಹುಡುಕುವುದು ಬೆರಳು ಸುಟ್ಟುಕೊಳ್ಳುವ ದಾರಿ. ಎಂಜಿನ್ ಸ್ಟಾರ್ಟ್ ಮಾಡದೆಯೇ ಹುಡುಕಬಹುದು. ಗಾಳಿ ಹೊರಗೆ ಊದುವ ಸೌಲಭ್ಯವಿರುವ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಕೊಳವೆಯನ್ನು ಹಿಂದಿನ ಪೈಪಿನ ಬಾಯಿಗಿಟ್ಟು ಸುತ್ತ ಬಟ್ಟೆ ಸುತ್ತಿ. ಒಳಗೆ ತುಸು ಒತ್ತಡ ಏರುತ್ತದೆ. ಸೋಪಿನ ನೀರನ್ನು ಬ್ರಷ್ಷಿನಿಂದ ಪ್ರತಿ ಜೋಡಣೆಗೂ ಬಳಿಯುತ್ತ ಮುಂದಿನಿಂದ ಹಿಂದಕ್ಕೆ ಬನ್ನಿ: ಮೊದಲು ಹೆಡ್ಡಿನ ಮೇಲಿನ ಗ್ಯಾಸ್ಕೆಟ್, ಆಮೇಲೆ ಮ್ಯಾನಿಫೋಲ್ಡ್ ಮತ್ತು ಇಳಿಪೈಪು ಸೇರುವ ಜಾಗ, ಆಮೇಲೆ ಕ್ಲಾಂಪುಗಳು, ಕೊನೆಗೆ ಸೈಲೆನ್ಸರಿನ ವೆಲ್ಡಿಂಗ್. ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಯಾವುದಾದರೂ ಸಿಲಿಂಡರಿನ ವಾಲ್ವ್ ತೆರೆದಿದ್ದರೆ ಒಂದಿಷ್ಟು ಗಾಳಿ ಎಂಜಿನ್ನಿನ ಒಳಕ್ಕೂ ಹೋಗುತ್ತದೆ. ಅದಕ್ಕೆ ಗಾಬರಿ ಬೇಡ.

ಕ್ಲಾಂಪಿನ ಜಾಗದಲ್ಲಿ ಒಂದೆರಡು ಗುಳ್ಳೆ ಎದ್ದರೆ ಎಕ್ಸಾಸ್ಟ್ ಪೇಸ್ಟ್ ಹಚ್ಚಿ ಬಿಗಿಮಾಡಿದರೆ ಮುಗಿಯಿತು. ಇಳಿಪೈಪಿನ ಫ್ಲಾಂಜಿನಲ್ಲಿ ಎದ್ದರೆ ಹಾಗೆ ಬಿಡಬಾರದು. ಎರಕದ ಮ್ಯಾನಿಫೋಲ್ಡ್ ಉಳಿಸಿಕೊಂಡವರಿಗೆ ಅಲ್ಲಿ ಎರಡು ಫ್ಲಾಂಜ್, ಒಟ್ಟು ಆರು ಸ್ಟಡ್, ಆರು ಹಿತ್ತಾಳೆ ನಟ್ಟು. ಹಿತ್ತಾಳೆಯೇ ಏಕೆಂದರೆ ಅದು ತುಕ್ಕು ಹಿಡಿದು ಸ್ಟಡ್‌ಗೆ ಕಚ್ಚಿಕೊಳ್ಳುವುದಿಲ್ಲ. ಹೊಸದರ ಜೊತೆ ಬಂದ ಹೊಳೆಯುವ ಉಕ್ಕಿನ ನಟ್ಟು ನೋಡಿ ಮರುಳಾಗಬೇಡಿ. ಒಂದು ಕಡೆಯ ಮೂರು ನಟ್ಟನ್ನು ಪೂರ್ತಿ ಬಿಗಿಮಾಡಿ ಇನ್ನೊಂದು ಕಡೆಗೆ ಹೋದರೆ ಆ ಎರಡನೆಯ ಫ್ಲಾಂಜ್ ಓರೆಯಾಗಿ ಕೂರುತ್ತದೆ. ಆರನ್ನೂ ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಒಂದಾದ ಮೇಲೊಂದಕ್ಕೆ ಅರ್ಧರ್ಧ ಸುತ್ತು ಕೊಡಿ.

ಬೆಳಗಿನ ಟಿಕ್ ಟಿಕ್ ಸದ್ದಿನ ವಿಷಯವೂ ಇಲ್ಲೇ ಬರುತ್ತದೆ. ಮ್ಯಾನಿಫೋಲ್ಡಿನಲ್ಲಿ ಸೋರಿಕೆ ಇದ್ದರೆ ತಣ್ಣಗಿರುವಾಗ ಸದ್ದು ಜೋರು, ಲೋಹ ಕಾದು ಹಿಗ್ಗಿದಂತೆ ಕಡಿಮೆಯಾಗುತ್ತದೆ. ಟ್ಯಾಪೆಟ್ಟಿನ (ವಾಲ್ವುಗಳನ್ನು ತೆರೆಯಲು ತಳ್ಳುವ ಭಾಗದ) ಸದ್ದು ಕಾದ ಮೇಲೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅನುಮಾನವಿದ್ದರೆ ಒಂದು ಮೀಟರ್ ಉದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಫ್ಲಾಂಜಿನ ಸುತ್ತ ಸರಿಸಿ. ಫ್ಯಾನು, ಬೆಲ್ಟುಗಳಿಂದ ಕೊಳವೆಯನ್ನೂ ತೋಳನ್ನೂ ದೂರವಿಡಿ. ಸೋರುವ ಜಾಗದಲ್ಲಿ ಸದ್ದು ಚುಚ್ಚುವಷ್ಟು ಸ್ಪಷ್ಟವಾಗಿ ಕೇಳುತ್ತದೆ. ಟ್ಯಾಪೆಟ್ಟೇ ಎಂದು ಖಚಿತವಾದರೆ ಎಂಜಿನ್ ತಣ್ಣಗಿರುವಾಗ ಸಂದು 0.015 ಇಂಚು, ಅಂದರೆ 0.38 ಮಿಲಿಮೀಟರ್ ಇದೆಯೇ ಎಂದು ಫೀಲರ್ ಗೇಜಿನಿಂದ ನೋಡಿ.

ಇನ್‌ಲೆಟ್ ಬದಿಯ ಕಳ್ಳಗಾಳಿ ಹುಡುಕಲು ಕೆಲವರು ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಸಿಂಪಡಿಸುತ್ತಾರೆ. ಈ ಎಂಜಿನ್ನಿನಲ್ಲಿ ಇನ್‌ಲೆಟ್ಟಿನ ಕೆಳಗೇ ಕೆಂಡದಂಥ ಎಕ್ಸಾಸ್ಟ್ ಇದೆ. ಸಿಂಪಡಿಸಿದ್ದು ನೇರ ಅದರ ಮೇಲೆ ಬೀಳುತ್ತದೆ, ಬೆಂಕಿಗೆ ಬೇರೆ ಕಾರಣ ಬೇಕಿಲ್ಲ. ನೀರು ತುಂಬಿದ ಸ್ಪ್ರೇ ಬಾಟಲಿ ಸಾಕು. ಸಂದಿಗೆ ಹನಿ ಬಿದ್ದ ಕ್ಷಣ ಐಡ್ಲಿಂಗ್ ಬದಲಾದರೆ ಗಾಳಿ ಅಲ್ಲಿಂದಲೇ ಹೋಗುತ್ತಿದೆ ಎಂದರ್ಥ.

ಕಾಲು ತೆಗೆದಾಗ ಸಿಡಿಯುವ ಸದ್ದು

ಇಳಿಜಾರಿನಲ್ಲಿ ಕಾಲು ತೆಗೆದಾಗ ಮೆಲ್ಲಗೆ ಗೊರಗೊರ ಎನ್ನುವುದು ಈ ಕಾರುಗಳಿಗೆ ಸಹಜ. ಬಂದೂಕು ಹೊಡೆದಂತೆ ಸಿಡಿದರೆ ಸಹಜವಲ್ಲ. ಥ್ರಾಟಲ್ ಮುಚ್ಚಿದಾಗ ಸಿಲಿಂಡರಿಗೆ ಹೋಗುವ ಮಿಶ್ರಣ ಬಹಳ ಕಡಿಮೆ, ಅದರಲ್ಲಿ ಸುಟ್ಟು ಉಳಿದ ಹೊಗೆಯ ಪಾಲು ಹೆಚ್ಚು. ಕೆಲವು ಸಲ ಅದು ಹೊತ್ತಿಕೊಳ್ಳದೆ ಹಾಗೇ ಪೈಪಿಗೆ ಬರುತ್ತದೆ. ಪೈಪಿನಲ್ಲಿ ಹೊಗೆ ಒಂದೇ ಸಮನೆ ಹರಿಯುವುದಿಲ್ಲ. ಒಂದು ಮಿಡಿತಕ್ಕೂ ಇನ್ನೊಂದಕ್ಕೂ ನಡುವೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ಆಗ ಸೋರುವ ಜಾಗದಿಂದ ಹೊರಗಿನ ಗಾಳಿ ಒಳಕ್ಕೆ ಬರುತ್ತದೆ. ಸುಡದ ಪೆಟ್ರೋಲಿಗೆ ಬೇಕಿದ್ದದ್ದು ಅದೇ ಆಮ್ಲಜನಕ.

ಹೊಗೆ ಸೋರಿ ಹೊರಗೆ ಬರುವುದಷ್ಟೇ ಅಲ್ಲ, ಗಾಳಿ ಒಳಗೂ ಹೋಗುತ್ತದೆ ಎನ್ನುವುದನ್ನು ಮರೆತವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ಈಚೆಗೆ ಇಳಿಪೈಪಿಗೆ ಆಮ್ಲಜನಕದ ಸೆನ್ಸರ್ ಕೂರಿಸಿ, ಡ್ಯಾಶ್‌ಬೋರ್ಡಿನ ಮೀಟರ್ ನೋಡುತ್ತ ಟ್ಯೂನ್ ಮಾಡುವುದು ರೂಢಿಯಾಗಿದೆ. ಒಳ್ಳೆಯ ಉಪಕರಣವೇ. ಆದರೆ ಸೆನ್ಸರಿಗಿಂತ ಮುಂದೆ, ಎಂಜಿನ್ನಿನ ಕಡೆಗೆ ಸೋರಿಕೆ ಇದ್ದರೆ ಅದು ಹೊರಗಿನ ಗಾಳಿಯನ್ನೂ ಅಳೆದು ಮಿಶ್ರಣ ಲೀನ್, ಅಂದರೆ ಪೆಟ್ರೋಲ್ ಕಡಿಮೆ, ಎಂದು ತೋರಿಸುತ್ತದೆ. ನೀವು ಅದನ್ನು ನಂಬಿ ಪೆಟ್ರೋಲ್ ಹೆಚ್ಚಿಸುತ್ತೀರಿ. ಪ್ಲಗ್ಗು ಕಪ್ಪಾಗುತ್ತದೆ, ಸುಡದ ಪೆಟ್ರೋಲ್ ಇನ್ನಷ್ಟು ಪೈಪಿಗೆ ಬರುತ್ತದೆ, ಸಿಡಿತ ಮತ್ತೂ ಜೋರಾಗುತ್ತದೆ. ಮೀಟರ್ ಲೀನ್ ಎನ್ನುತ್ತಿದೆ, ಪ್ಲಗ್ಗು ಮಾತ್ರ ಮಸಿಯಂತೆ ಕಪ್ಪು ಎಂದಾದರೆ ನಾನು ಪ್ಲಗ್ಗನ್ನೇ ನಂಬುತ್ತೇನೆ.

ಸೋರಿಕೆ ಒಂದೂ ಇಲ್ಲದೆ ಸಿಡಿಯುತ್ತಿದ್ದರೆ ಇಗ್ನಿಷನ್ ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರುವ ಗಳಿಗೆ) ಹಿಂದೆ ಬಿದ್ದಿದೆಯೇ ನೋಡಿ. ಅದೂ ಸರಿಯಿದ್ದರೆ ಮಾತ್ರ ಮಿಶ್ರಣದ ಸರದಿ.

ಈಗ ಕಾರ್ಬ್ಯುರೇಟರ್

ಹೊಸ ಎಕ್ಸಾಸ್ಟಿನಲ್ಲಿ ಹೊಗೆ ಸರಾಗವಾಗಿ ಹೋಗತೊಡಗಿದರೆ ಎಂಜಿನ್ ತುಸು ಹೆಚ್ಚು ಗಾಳಿ ಎಳೆದುಕೊಳ್ಳುವುದು ನಿಜ. ಎಸ್‌ಯು ಕಾರ್ಬ್ಯುರೇಟರಿನಲ್ಲಿ ಪಿಸ್ಟನ್ ತಾನೇ ಏರಿ, ಪೆಟ್ರೋಲಿನ ಪ್ರಮಾಣ ಹೊಂದಿಸುವ ಸೂಜಿಯನ್ನೂ ಏರಿಸುವುದರಿಂದ ಸಣ್ಣ ಬದಲಾವಣೆಯನ್ನು ಅದು ತಾನೇ ಸರಿದೂಗಿಸಿಕೊಳ್ಳುತ್ತದೆ. ಹಾಗಾಗಿ ಬರೀ ಸೈಲೆನ್ಸರ್ ಬದಲಾಯಿಸಿದ್ದಕ್ಕೆ ಸೂಜಿ ಬದಲಾಯಿಸಬೇಕೆಂದು ಯಾರಾದರೂ ಹೇಳಿದರೆ ಹಣ ಬಿಚ್ಚಲು ಅವಸರ ಮಾಡಬೇಡಿ.

ಎಂಜಿನ್ ಚೆನ್ನಾಗಿ ಕಾದಿರಲಿ. ಒಂದು ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಕೆಳಗಿರುವ ಪಿನ್ನಿನಿಂದ ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ವೇಗ ಏರಿ ಹಾಗೇ ನಿಂತರೆ ಮಿಶ್ರಣ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಕೂಡಲೇ ಬಿದ್ದು ಎಂಜಿನ್ ನಿಲ್ಲಲು ನೋಡಿದರೆ ಲೀನ್. ಕ್ಷಣಮಾತ್ರ ತುಸು ಏರಿ ಮತ್ತೆ ಮೊದಲಿನಂತಾದರೆ ಸರಿಯಿದೆ. ಎಚ್‌ಎಸ್4 ಮಾದರಿಯ ಕಾರ್ಬ್ಯುರೇಟರಿನಲ್ಲಿ ಕೆಳಗಿನ ಷಟ್ಕೋನದ ನಟ್ಟಿನಿಂದ ಜೆಟ್ ಕೆಳಗಿಳಿದರೆ ಪೆಟ್ರೋಲ್ ಹೆಚ್ಚು, ಮೇಲೇರಿದರೆ ಕಡಿಮೆ. ಒಂದು ಸಲಕ್ಕೆ ನಟ್ಟಿನ ಒಂದು ಮುಖದಷ್ಟೇ, ಅಂದರೆ ಆರನೇ ಒಂದು ಸುತ್ತು ತಿರುಗಿಸಿ. ಎರಡು ಕಾರ್ಬ್ಯುರೇಟರುಗಳಿಗೂ ಸಮನಾಗಿ. ಪಿಕಪ್ಪಿನಲ್ಲಿ ಮಾತ್ರ ಮುಗ್ಗರಿಸುತ್ತಿದ್ದರೆ ಜೆಟ್ ಮುಟ್ಟುವ ಮೊದಲು ಮೇಲಿನ ಕಪ್ಪು ಮುಚ್ಚಳ ತಿರುಗಿಸಿ ಡ್ಯಾಶ್‌ಪಾಟಿನಲ್ಲಿ (ಪಿಸ್ಟನ್ ತಟ್ಟನೆ ಏರದಂತೆ ತಡೆಯುವ ಕೊಳವೆಯಲ್ಲಿ) ಎಣ್ಣೆ ಇದೆಯೇ ನೋಡಿ. ಅದು ಬತ್ತಿರುವ ಕಾರುಗಳೇ ಹೆಚ್ಚು.

ಪೆಟ್ರೋಲೂ ಮೊದಲಿನದಲ್ಲ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಇ10, ಅಂದರೆ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆಸಿದ್ದು. ಭಾರತದ ಬಂಕುಗಳಲ್ಲಿ ಈಗ ಇ20. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಅಳತೆಯಲ್ಲಿ ಮಿಶ್ರಣ ಲೀನ್ ಕಡೆಗೆ ವಾಲುತ್ತದೆ. ಎಕ್ಸಾಸ್ಟ್ ಬದಲಾಯಿಸಿದ ತಿಂಗಳಲ್ಲೇ ಪೆಟ್ರೋಲ್ ತುಂಬಿಸುವ ಬಂಕನ್ನೂ ಬದಲಾಯಿಸಿದ್ದರೆ ದೋಷ ಯಾವುದರದು ಎಂದು ಹೇಳುವುದು ಕಷ್ಟ.

ನಿಂತ ಮೇಲೆ ಸ್ಟಾರ್ಟ್ ಆಗದಿದ್ದರೆ

ಟ್ಯೂಬಿನ ಮ್ಯಾನಿಫೋಲ್ಡಿನ ಗೋಡೆ ತೆಳು, ಮೈ ಹೆಚ್ಚು. ಬಾನೆಟ್ಟಿನ ಒಳಗೆ ಅದು ಉಗುಳುವ ಶಾಖವೂ ಹೆಚ್ಚು, ಕಾರ್ಬ್ಯುರೇಟರಿನ ಬಟ್ಟಲುಗಳು ಇರುವುದು ಸರಿಯಾಗಿ ಅದರ ಮೇಲೆ. ಕಾರು ಓಡುತ್ತಿರುವಾಗ ಗಾಳಿ ಆಡುತ್ತದೆ. ನಿಲ್ಲಿಸಿ ಹತ್ತು ನಿಮಿಷ ಕಾಫಿ ಕುಡಿದು ಬರುವಷ್ಟರಲ್ಲಿ ಬಟ್ಟಲಿನ ಪೆಟ್ರೋಲ್ ಕುದಿಯಲು ಶುರುವಾಗಿರುತ್ತದೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ಏಪ್ರಿಲ್ ತಿಂಗಳು ಈ ಕಾರು ಓಡಿಸುವವರಿಗೆ ನಿಲ್ಲಿಸದೆಯೂ ಈ ಅನುಭವವಾಗುತ್ತದೆ.

ಕಾರ್ಖಾನೆಯವರು ಕಾರ್ಬ್ಯುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಹಾಕಿದ್ದ ಶಾಖ ತಡೆಯುವ ತಗಡು ಇದೆಯೇ ಮೊದಲು ನೋಡಿ. ಹೊಸ ಮ್ಯಾನಿಫೋಲ್ಡಿಗೆ ಅಡ್ಡ ಬರುತ್ತದೆ ಎಂದು ಅದನ್ನು ಕಿತ್ತು ಮೂಲೆಗೆಸೆದಿರುವುದು ಅಪರೂಪವೇನಲ್ಲ. ಕಾರ್ಬ್ಯುರೇಟರಿನ ಹಿಂದಿನ ಶಾಖನಿರೋಧಕ ಬ್ಲಾಕುಗಳು, ಅವುಗಳ ಎರಡೂ ಬದಿಯ ಗ್ಯಾಸ್ಕೆಟ್ಟುಗಳು ಸರಿಯಾಗಿರಲಿ. ಟ್ಯೂಬುಗಳಿಗೆ ಶಾಖನಿರೋಧಕ ಪಟ್ಟಿ ಸುತ್ತಿದರೆ ಶಾಖ ಖಂಡಿತ ಕಡಿಮೆಯಾಗುತ್ತದೆ. ಆದರೆ ಆ ಪಟ್ಟಿ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸಾದಾ ಉಕ್ಕಿನ ಟ್ಯೂಬಾದರೆ ಒಳಗೊಳಗೇ ತುಕ್ಕು ತಿಂದು ತೂತಾಗುವ ತನಕ ಗೊತ್ತೇ ಆಗುವುದಿಲ್ಲ.

ಒಳಗೆ ಹೊಗೆಯ ವಾಸನೆ

ಇದನ್ನು ನಾಳೆ ನೋಡೋಣ ಎಂದು ಬಿಡುವಂತಿಲ್ಲ. ವಾಸನೆ ಬರುತ್ತಿದೆ ಎಂದರೆ ಅದರೊಡನೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡೂ ಬರುತ್ತಿದೆ. ತಲೆನೋವು, ತೂಕಡಿಕೆ ಕಂಡರೆ ಕಾರು ನಿಲ್ಲಿಸಿ ಹೊರಗೆ ಬನ್ನಿ. ತೆರೆದ ಕಾರಿನಲ್ಲಿ ಗಾಳಿ ಧಾರಾಳ ಎಂಬ ಭರವಸೆಯೂ ಬೇಡ: ಓಡುವ ಕಾರಿನ ಹಿಂದೆ ಒತ್ತಡ ಕಡಿಮೆಯಿರುತ್ತದೆ, ಹೊಗೆ ಅಲ್ಲೇ ಸುತ್ತಿ ಸೀಟಿನ ಕಡೆಗೆ ಬರುತ್ತದೆ. ಹೊಸ ಪೈಪಿನ ಬಾಯಿ ಬಂಪರಿಗಿಂತ ಒಳಗೆ ನಿಂತಿದ್ದರೆ ಹೊರಕ್ಕೆ ತನ್ನಿ. ಡಿಕ್ಕಿಯ ರಬ್ಬರ್ ಸೀಲ್, ಗೇರ್ ಲಿವರಿನ ಬುಡದ ರಬ್ಬರ್, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಲ್ಲಿ ವೈರ್ ಹೋಗುವ ತೂತುಗಳ ಬಿರಡೆ, ಇವಿಷ್ಟನ್ನೂ ನೋಡಿ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, ಹೆಚ್ಚು ಮಾರ್ಪಾಡಾಗದ 40 ವರ್ಷ ದಾಟಿದ ಕಾರುಗಳಿಗೆ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ವರ್ಷಕ್ಕೊಮ್ಮೆ ಕಾರಿನ ಹೊಟ್ಟೆಯ ಕೆಳಗೆ ಟಾರ್ಚ್ ಹಾಕುತ್ತಿದ್ದ ಇನ್ನೊಬ್ಬನ ಕಣ್ಣು ಈಗ ಇಲ್ಲ. ನಾನಂತೂ ದುಡ್ಡು ಕೊಟ್ಟು ಮಾಡಿಸುತ್ತೇನೆ.

ಬಡಿತ ಮತ್ತು ಗುಂಯ್‌ಗುಡುವಿಕೆ

ಸ್ಟೇನ್‌ಲೆಸ್ ಸ್ಟೀಲ್ ಸಾದಾ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಮೂರು ಮೀಟರ್ ಪೈಪು ಸರಾಸರಿ 200 ಡಿಗ್ರಿ ಕಾದರೆ ಸುಮಾರು 10 ಮಿಲಿಮೀಟರ್ ಉದ್ದವಾಗುತ್ತದೆ. ಸಾದಾ ಉಕ್ಕಾದರೆ 7ರ ಆಸುಪಾಸು. ತಣ್ಣಗಿರುವಾಗ ಬೆರಳು ತೂರುವಷ್ಟು ಸಂದು ಬಿಟ್ಟು ಕೂರಿಸಿದ್ದು ಅರ್ಧ ಗಂಟೆಯ ಓಟದ ನಂತರ ಬಡಿಯುವುದು ಇದಕ್ಕೇ. ಕಾರನ್ನು ಜಾಕಿನ ಮೇಲೆ ಎತ್ತಿ, ಹಿಂದಿನ ಆಕ್ಸಲ್ ಜೋತುಬಿದ್ದಿರುವಾಗ ಸಂದು ಅಳೆದರೂ ಲೆಕ್ಕ ತಪ್ಪುತ್ತದೆ. ಎಲ್ಲ ಕ್ಲಾಂಪುಗಳನ್ನು ಸಡಿಲ ಬಿಟ್ಟು ಪೈಪು ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲಿರುವಾಗ ಮುಂದಿನಿಂದ ಹಿಂದಕ್ಕೆ ಬಿಗಿಮಾಡುತ್ತ ಬನ್ನಿ. ಬಡಿಯುವ ಜಾಗ ತಾನೇ ಗುರುತು ಬಿಟ್ಟಿರುತ್ತದೆ: ಪೈಪಿನ ಮೇಲೊಂದು ಹೊಳೆಯುವ ಚುಕ್ಕೆ, ಎದುರಿಗೆ ಬಣ್ಣ ಎದ್ದ ತಗಡು. ಎಡ ಸ್ಟಿಯರಿಂಗಿನ ಕಾರುಗಳಲ್ಲಿ ಸ್ಟಿಯರಿಂಗ್ ಕಾಲಮ್ ಸಹ ಮ್ಯಾನಿಫೋಲ್ಡಿನ ಬದಿಯಲ್ಲೇ ಇಳಿಯುತ್ತದೆ. ಅಲ್ಲಿ ಟ್ಯೂಬ್ ತಾಗಿದರೆ ಸದ್ದಿನ ಮಾತಷ್ಟೇ ಅಲ್ಲ, ಚಕ್ರ ತಿರುಗಿಸುವ ಮಾತೂ ಆಗುತ್ತದೆ.

ಗುಂಯ್‌ಗುಡುವಿಕೆ ಹೆಚ್ಚು ತಲೆ ತಿನ್ನುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಆ ಆಸುಪಾಸಿನಲ್ಲಿ ಪೈಪಿನೊಳಗಿನ ಗಾಳಿಯೂ ಕಾರಿನ ತಗಡೂ ಜೊತೆಗೂಡಿದರೆ ಕಿವಿಯಲ್ಲಿ ದುಂಬಿ ಹೊಕ್ಕಂತಾಗುತ್ತದೆ. ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ನಿನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು) ಇರುವ ಎಂಜಿಬಿ ಮೋಟಾರ್‌ವೇಯಲ್ಲಿ ಗಂಟೆಗೆ 70 ಮೈಲಿ ಓಡುವಾಗ ಎಂಜಿನ್ ಸುತ್ತುವುದು 3100ರ ಸುಮಾರಿಗೆ. ದುರದೃಷ್ಟ ಎಂದರೆ ಅದೇ. ಓವರ್‌ಡ್ರೈವ್ ತೆಗೆದು ಅದೇ ವೇಗದಲ್ಲಿ ಹೋಗಿ ನೋಡಿ. ಸದ್ದು ಬದಲಾದರೆ ಎಕ್ಸಾಸ್ಟಿನದು, ಬದಲಾಗದಿದ್ದರೆ ಟೈರು ಅಥವಾ ಪ್ರೊಪೆಲರ್ ಶಾಫ್ಟ್ ನೋಡಬೇಕು. ಎಕ್ಸಾಸ್ಟಿನದೇ ಆದರೆ ಕಾರು ನಿಲ್ಲಿಸಿ, ಇನ್ನೊಬ್ಬರು 3000 ಸುತ್ತಿನಲ್ಲಿ ಎಂಜಿನ್ ಹಿಡಿದಿರುವಾಗ ಪಕ್ಕದಿಂದ ಮರದ ಕೋಲಿನಿಂದ ಪೈಪನ್ನು ಒತ್ತಿ. ಸದ್ದು ತಗ್ಗಿದರೆ ತೂಗುವ ರಬ್ಬರ್ ಗಡುಸಾಗಿದೆ ಅಥವಾ ಪೈಪು ಎಲ್ಲೋ ತಾಗುತ್ತಿದೆ. ಒತ್ತಿದರೂ ಹಾಗೇ ಇದ್ದರೆ ಅದು ಪೈಪಿನೊಳಗಿನ ಗಾಳಿಯ ಅನುರಣನ. ಹಿಂದೆ ಒಂದೇ ಡಬ್ಬಿಯಿರುವ ವ್ಯವಸ್ಥೆಗಳಲ್ಲಿ ಇದು ಮಾಮೂಲು, ನಡುವೆ ಇನ್ನೊಂದು ಸೈಲೆನ್ಸರ್ ಸೇರಿಸದೆ ಹೋಗುವುದಿಲ್ಲ.

ಶಕ್ತಿ ಹೆಚ್ಚಲಿಲ್ಲ ಎಂಬ ದೂರು

ಇದು ದೋಷವಲ್ಲದ ದೋಷ. ಹೊಸದಾಗಿದ್ದಾಗ ಈ ಎಂಜಿನ್ನಿಗೆ 5400 ಸುತ್ತಿನಲ್ಲಿ 95 ಅಶ್ವಶಕ್ತಿ ಎಂದು ಕಾರ್ಖಾನೆ ಹೇಳುತ್ತಿತ್ತು. ನಡುವಿನ ಎರಡು ಸಿಲಿಂಡರುಗಳ ಹೊಗೆ ಹೆಡ್ಡಿನ ಒಳಗೇ ಒಂದಾಗಿ ಬರುವಾಗ ಹೊರಗೆ ಎಷ್ಟೇ ಉದ್ದದ ನುಣುಪು ಟ್ಯೂಬ್ ಹಾಕಿದರೂ ಅವನ್ನು ಬೇರೆ ಮಾಡಲಾಗದು. ಅಲ್ಲದೆ ಮೂಲದ ಎರಕದ ಮ್ಯಾನಿಫೋಲ್ಡ್ ಆ ಕಾಲಕ್ಕೆ ಚೆನ್ನಾಗಿಯೇ ರೂಪಿಸಿದ್ದು. ಕ್ಯಾಮ್ ಶಾಫ್ಟ್, ಹೆಡ್ಡು ಬದಲಾಯಿಸದ ಎಂಜಿನ್ನಿಗೆ ಟ್ಯೂಬಿನಿಂದ ಸಿಗುವ ಲಾಭ ಓಡಿಸುವವರ ಅರಿವಿಗೆ ಬರುವುದು ಕಷ್ಟ. ರಸ್ತೆಯ ಕಾರಿಗೆ ನಾನು ಹೇಳುವುದು ಇಷ್ಟು: ಎರಕದ ಮ್ಯಾನಿಫೋಲ್ಡ್ ಇರಲಿ, ಅಲ್ಲಿಂದ ಹಿಂದಕ್ಕೆ ಎರಡು ಡಬ್ಬಿಯ ಸ್ಟೇನ್‌ಲೆಸ್ ಪೈಪು ಹಾಕಿಸಿ. ಟ್ಯೂಬ್ ಹಾಕಿಸಿಕೊಂಡಾಗಿದ್ದರೆ ಮೊದಲ ನೂರು ಮೈಲಿಯ ಓಟದ ನಂತರ, ಎಂಜಿನ್ ಪೂರ್ತಿ ತಣ್ಣಗಾದಾಗ, ಮ್ಯಾನಿಫೋಲ್ಡಿನ ನಟ್ಟುಗಳನ್ನು ಇನ್ನೊಮ್ಮೆ ಅದೇ ಬಿಗಿತಕ್ಕೆ ತನ್ನಿ. ಗ್ಯಾಸ್ಕೆಟ್ ಅಷ್ಟರಲ್ಲಿ ತುಸು ಕುಗ್ಗಿರುತ್ತದೆ. ಬಿಚ್ಚಿದ ಎರಕದ ಮ್ಯಾನಿಫೋಲ್ಡನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಅಟ್ಟದ ಮೇಲಿಡಿ. ಬಿರುಕು ಬಿಡದ ಒಂದು ಹಳೆಯದು ಬೇಕೆಂದು ಹುಡುಕುವವರು ಬಹಳ ಮಂದಿ ಇದ್ದಾರೆ.